‘ನಿನ್ನೆ ಹೋಗಿದ್ದೆ’ ಎನ್ನುವುದಕ್ಕೆ ‘ಐ ಹ್ಯಾಡ್ ಗಾನ್ ಯೆಸ್ಟರ್‌ಡೇ’ ಎಂದರೆ ತಪ್ಪೇ?

ಪ್ರಶ್ನೆ – ಬೆಂಗಳೂರಿನ ಉದ್ಯೋಗಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಲಂಡನ್ನಿನಲ್ಲಿರುವ ಸಹೋದ್ಯೋಗಿಗಳಿಗೆ ದಿನವೂ ನಾಲ್ಕಾರು ಇಮೇಲ್ ಬರೆಯಬೇಕಾದ ಕೆಲಸದಲ್ಲಿದ್ದೇನೆ. ಕಳೆದ ವಾರ ಅವರಲ್ಲೊಬ್ಬರು ಒಂದು ಫೈಲಿನ ಬಗ್ಗೆ ವಿಚಾರಿಸಿದಾಗ ‘ಐ ಹ್ಯಾಡ್ ಸೆಂಟ್ ಯೂ ದ ಫೈಲ್ ಆನ್ ಟ್ಯೂಸ್‌ಡೇ’ ಎಂದು ಉತ್ತರಿಸಿದೆ. ಮಂಗಳವಾರವೇ ಕಳುಹಿಸಿದ್ದೆನಲ್ಲ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅವರು ಮರಳಿ ಬರೆದ ಪತ್ರದಲ್ಲಿ, ‘ಹಾಗಾದರೆ ಆಮೇಲೆ ಏನಾದರೂ ಬದಲಾಯಿತೇ? ಆ ಫೈಲನ್ನು ಬಿಟ್ಟು ಬೇರೊಂದನ್ನು ನಿರೀಕ್ಷಿಸಬೇಕೇ?’ ಎಂಬ ಅರ್ಥದ ಪ್ರಶ್ನೆಯಿತ್ತು. ನಾನು ಬರೆದ ವಾಕ್ಯದಲ್ಲಿ ಅವರಿಗೆ ಅಂಥ ಸೂಚನೆ ಎಲ್ಲಿ ಕಂಡಿತೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ.

ಶಾಲೆಯಲ್ಲಿ ಕಲಿತಂತೆ, ಎರಡು ಕೆಲಸಗಳು ನಡೆದಿದ್ದರೆ ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಬರುತ್ತದೆ. ಆದರೆ ನನ್ನ ಸುತ್ತಮುತ್ತ ಎಲ್ಲರೂ ಒಂದೇ ಕೆಲಸವನ್ನು ಹೇಳುವಾಗಲೂ ‘ಹ್ಯಾಡ್ ಗಾನ್’, ‘ಹ್ಯಾಡ್ ಟೋಲ್ಡ್’, ‘ಹ್ಯಾಡ್ ಕಮ್’ ಎನ್ನುತ್ತಾರೆ. ಕೆಲಸ ಪೂರ್ತಿ ಮುಗಿದಿದ್ದರೆ ಅಥವಾ ಸ್ವಲ್ಪ ಹಳೆಯದಾಗಿದ್ದರೆ ‘ಹ್ಯಾಡ್’ ಸೇರಿಸಬೇಕೆಂದು ನಾನು ಇದುವರೆಗೆ ತಿಳಿದಿದ್ದೆ. ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಈ ರೂಪವನ್ನು ನಿಜವಾಗಿ ಯಾವಾಗ ಬಳಸುತ್ತಾರೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ – ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಶಿಕ್ಷಕಿ

ನೀವು ಕೇಳಿರುವ ವಿಷಯದ ಜೊತೆ ನಾನು ನನ್ನ ವೃತ್ತಿಯುದ್ದಕ್ಕೂ ಗುದ್ದಾಡಿದ್ದೇನೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು. ಹಿಂದಿನ ದಿನ ಶಾಲೆಗೆ ಬಾರದ ಮಗು ಮರುದಿನ ಎದ್ದು ನಿಂತು ‘ಮಿಸ್, ಐ ಹ್ಯಾಡ್ ನಾಟ್ ಕಮ್ ಯೆಸ್ಟರ್‌ಡೇ’ ಎನ್ನುತ್ತಿತ್ತು. ತಪ್ಪೆಂದು ತಿದ್ದುತ್ತಿದ್ದೆ, ಮಗು ತಿದ್ದಿಕೊಳ್ಳುತ್ತಿತ್ತು, ಮುಂದಿನ ವಾರ ಮತ್ತೆ ಅದೇ ವಾಕ್ಯ. ಆ ಮಗು ಅಜಾಗರೂಕತೆಯಿಂದ ಹಾಗೆ ಹೇಳುತ್ತಿಲ್ಲ, ತನ್ನ ಕನ್ನಡವನ್ನು ಅತ್ಯಂತ ನಿಷ್ಠೆಯಿಂದ ಇಂಗ್ಲಿಷಿಗೆ ಇಳಿಸುತ್ತಿದೆ ಎಂಬುದು ನನಗೆ ಅರ್ಥವಾಗಲು ಅನೇಕ ವರ್ಷಗಳು ಹಿಡಿದವು. ‘ನಿನ್ನೆ ನಾನು ಬಂದಿರಲಿಲ್ಲ’ ಎಂಬ ವಾಕ್ಯವನ್ನು ಪದಕ್ಕೆ ಪದವಿಟ್ಟು ನೋಡಿ: ‘ಬಂದಿರಲಿಲ್ಲ’ ಎಂಬುದಕ್ಕೆ ‘ಹ್ಯಾಡ್ ನಾಟ್ ಕಮ್’ ಎಂಬುದು ಹೊಲಿದಿಟ್ಟ ಅಂಗಿಯಂತೆ ಕೂರುತ್ತದೆ.

ಆದರೆ ನಮ್ಮ ‘ಇದ್ದೆ, ಇತ್ತು, ಇರಲಿಲ್ಲ’ ಎಂಬ ಸಹಾಯಕ ಕ್ರಿಯೆ ಎರಡು ಕೆಲಸಗಳನ್ನು ಮಾಡುತ್ತದೆ. ‘ನಾನು ನಿಲ್ದಾಣಕ್ಕೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು’ ಎನ್ನುವಾಗ, ನಾನು ನಿಲ್ದಾಣಕ್ಕೆ ಬಂದ ಆ ಹೊತ್ತಿನಲ್ಲಿ ನಿಂತು ಅದಕ್ಕಿಂತ ಹಿಂದೆ ನಡೆದದ್ದನ್ನು ನೋಡುತ್ತಿದ್ದೇವೆ. ಇದು ಮೊದಲನೆಯ ಕೆಲಸ, ಇಲ್ಲಿ ಇಂಗ್ಲಿಷಿನವರೂ ‘ದ ಬಸ್ ಹ್ಯಾಡ್ ಗಾನ್’ ಎಂದೇ ಹೇಳುತ್ತಾರೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುವಾಗ ಮಾತ್ರ ಯಾವ ಎರಡನೆಯ ಹೊತ್ತೂ ನಮ್ಮ ಮನಸ್ಸಿನಲ್ಲಿರುವುದಿಲ್ಲ. ಹೋಗಿ ಬಂದಾಯಿತು, ಈಗ ಇಲ್ಲಿದ್ದೇನೆ, ಆ ಪ್ರಯಾಣ ಒಂದು ಮುಗಿದ ಸಂಗತಿ ಎಂಬುದಷ್ಟೇ ಅದರ ಅರ್ಥ. ‘ನಿನ್ನೆ ಮೈಸೂರಿಗೆ ಹೋದೆ’ ಎಂದಷ್ಟೇ ಹೇಳಿದರೆ ಕೇಳಿದವರು ‘ಹ್ಞೂಂ, ಆಮೇಲೆ?’ ಎಂದು ಮುಂದಿನ ಕಥೆಗೆ ಕಾಯುತ್ತಾರೆ. ‘ಹೋಗಿದ್ದೆ’ ಎಂದಾಗ ಮಾತು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ಅಲ್ಲಿ ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ’ ಎಂಬುದು ಪೂರ್ಣವಾದ ಮಾತು, ‘ಐ ಹ್ಯಾಡ್ ಗಾನ್’ ಎಂದರೆ ಕೇಳುವವರು ‘ಯಾವುದಕ್ಕಿಂತ ಮೊದಲು?’ ಎಂದು ಕಾಯುತ್ತಾರೆ. ನಿಮ್ಮ ಲಂಡನ್ನಿನ ಸಹೋದ್ಯೋಗಿ ಕಾದದ್ದು ಹೀಗೆಯೇ. ‘ಮಂಗಳವಾರ ಕಳುಹಿಸಿದ್ದೆ, ಆದರೆ…’ ಎಂದು ನಿಮ್ಮ ವಾಕ್ಯ ಅವರಿಗೆ ಅರ್ಧಕ್ಕೆ ನಿಂತಂತೆ ಕೇಳಿಸಿದೆ. ‘ಐ ಸೆಂಟ್ ಯೂ ದ ಫೈಲ್ ಆನ್ ಟ್ಯೂಸ್‌ಡೇ’ ಎಂದಿದ್ದರೆ ಸಾಕಾಗಿತ್ತು.

ಮುಗಿದದ್ದಕ್ಕೆ ಅಥವಾ ಹಳೆಯದಕ್ಕೆ ‘ಹ್ಯಾಡ್’ ಎಂಬ ನಿಮ್ಮ ತಿಳಿವಳಿಕೆಯನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ. ಅದಕ್ಕೂ ಇಂಗ್ಲಿಷಿನಲ್ಲಿ ‘ವಾಸ್ ಫೌಂಡೆಡ್’ ಎಂಬ ಸರಳ ಭೂತವೇ ಸಾಕು. ಐದು ನಿಮಿಷದ ಹಿಂದಿನ ಸಂಗತಿಗೂ ‘ಹ್ಯಾಡ್’ ಬೇಕಾಗಬಹುದು, ಏಳುನೂರು ವರ್ಷದ ಹಿಂದಿನದಕ್ಕೂ ಬೇಡವಾಗಬಹುದು. ಕಾಲದ ದೂರಕ್ಕೂ ಈ ರೂಪಕ್ಕೂ ಸಂಬಂಧವಿಲ್ಲ.

ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಎರಡು ವಾಕ್ಯಗಳನ್ನು ಇಲ್ಲಿ ಕೊಡುತ್ತೇನೆ. ‘ವೆನ್ ಐ ಅರೈವ್ಡ್, ಶೀ ಲೆಫ್ಟ್’ ಎಂದರೆ ನಾನು ಬಂದದ್ದೇ ತಡ, ಅವಳು ಎದ್ದು ಹೊರಟಳು. ಬಹುಶಃ ನಮ್ಮಿಬ್ಬರಿಗೆ ಮಾತಿಲ್ಲ. ‘ವೆನ್ ಐ ಅರೈವ್ಡ್, ಶೀ ಹ್ಯಾಡ್ ಲೆಫ್ಟ್’ ಎಂದರೆ ನಾನು ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ನಾವು ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಒಂದೇ ಒಂದು ‘ಹ್ಯಾಡ್’ ಇಬ್ಬರ ಸಂಬಂಧವನ್ನೇ ಬದಲಿಸುತ್ತದೆ. ಅದು ನಿಜವಾಗಿ ದುಡಿಯುವ ಜಾಗ ಇದು.

ಉತ್ತರ – ಧಾರವಾಡದ ಅನುವಾದಕ

ಮೇಡಂ ಅವರ ವಿವರಣೆಯನ್ನು ಓದಿ ಬಹಳ ಸಂತೋಷವಾಯಿತು. ನಮ್ಮ ಕಡೆ ‘ನಿನ್ನೆ ಹುಬ್ಬಳ್ಳಿಗೆ ಹೋಗಿದ್ನಿ’ ಎನ್ನುತ್ತೇವೆ. ರೂಪ ಬೇರೆಯಾದರೂ ಇಂಗ್ಲಿಷಿಗೆ ಇಳಿಸುವಾಗ ಆಗುವ ಎಡವಟ್ಟು ಒಂದೇ. ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನನಗೆ ಕಂಡ ಕೆಲವು ಸಂಗತಿಗಳನ್ನು ಇದಕ್ಕೆ ಸೇರಿಸುತ್ತೇನೆ.

ಎರಡು ಕೆಲಸಗಳಲ್ಲಿ ಮೊದಲನೆಯದಕ್ಕೆ ‘ಹ್ಯಾಡ್’ ಎಂಬ ಶಾಲೆಯ ಸೂತ್ರ ಪೂರ್ತಿ ಸುಳ್ಳಲ್ಲ, ಆದರೆ ಅದು ಅರ್ಧ ದಾರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ಬೆಳಿಗ್ಗೆ ಎದ್ದೆ, ಸ್ನಾನ ಮಾಡಿದೆ, ತಿಂಡಿ ತಿಂದೆ, ಬಸ್ಸು ಹಿಡಿದೆ ಎಂದು ನಡೆದ ಕ್ರಮದಲ್ಲೇ ಹೇಳಿಕೊಂಡು ಹೋದರೆ ಇಂಗ್ಲಿಷಿನಲ್ಲಿ ಒಂದು ‘ಹ್ಯಾಡ್’ ಕೂಡ ಬೇಕಾಗುವುದಿಲ್ಲ, ಕೆಲಸಗಳು ನಾಲ್ಕಿರಲಿ ನಲವತ್ತಿರಲಿ. ಹೇಳುವ ಕ್ರಮ ನಡೆದ ಕ್ರಮಕ್ಕಿಂತ ಬೇರೆಯಾದಾಗ, ಅಂದರೆ ಕಥೆ ಮುಂದೆ ಸಾಗುತ್ತಿರುವಾಗ ಒಮ್ಮೆ ಹಿಂದಿರುಗಿ ನೋಡಬೇಕಾದಾಗ, ಅದು ಬೇಕಾಗುತ್ತದೆ. ಇನ್ನು ‘ಬಿಫೋರ್’, ‘ಆಫ್ಟರ್’ ಎಂಬ ಪದಗಳು ವಾಕ್ಯದಲ್ಲೇ ಇದ್ದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಅವೇ ಹೇಳಿಬಿಡುವುದರಿಂದ ‘ಹ್ಯಾಡ್’ ಐಚ್ಛಿಕವಾಗುತ್ತದೆ. ‘ದ ಟ್ರೇನ್ ಲೆಫ್ಟ್ ಬಿಫೋರ್ ಐ ರೀಚ್ಡ್ ದ ಸ್ಟೇಷನ್’ ಎಂದರೆ ಯಾವ ಕೊರತೆಯೂ ಇಲ್ಲ. ನಮ್ಮ ಮಕ್ಕಳಿಗೆ ‘ಬಿಫೋರ್’ ಇರುವ ಇಂಥ ವಾಕ್ಯದಿಂದಲೇ ಈ ಪಾಠವನ್ನು ಆರಂಭಿಸುತ್ತಾರೆಂಬುದು ನನಗೆ ನಿಜವಾಗಿ ಬೇಸರ ತರುವ ವಿಷಯ. ಎಲ್ಲಿ ಅದರ ಅಗತ್ಯ ಕಡಿಮೆಯೋ ಅಲ್ಲಿಂದ ಕಲಿಸಿದರೆ ಅದರ ಅಗತ್ಯ ಮಕ್ಕಳಿಗೆ ಹೇಗೆ ತಿಳಿಯಬೇಕು?

ಇನ್ನೊಂದು ವಿಷಯವೆಂದರೆ, ಆ ಎರಡನೆಯ ಹೊತ್ತು ಅದೇ ವಾಕ್ಯದಲ್ಲಿ ಇರಬೇಕೆಂದೇನೂ ಇಲ್ಲ. ‘ಐ ಡಿಡ್ನ್ಟ್ ಆನ್ಸರ್ ಯುವರ್ ಕಾಲ್. ಐ ಹ್ಯಾಡ್ ಲೆಫ್ಟ್ ಮೈ ಫೋನ್ ಅಟ್ ಹೋಮ್’ ಎಂಬಲ್ಲಿ ಎರಡನೆಯ ವಾಕ್ಯ ಒಂಟಿಯಾಗಿಯೇ ನಿಂತಿದೆ. ಆದರೆ ಕರೆ ಬಂದ ಹೊತ್ತು ಹಿಂದಿನ ವಾಕ್ಯದಲ್ಲಿ ಆಗಲೇ ನೆಲೆಯಾಗಿದೆ, ಫೋನನ್ನು ಮನೆಯಲ್ಲಿ ಮರೆತದ್ದು ಅದಕ್ಕಿಂತ ಹಿಂದೆ. ನಿಜವಾದ ಇಂಗ್ಲಿಷಿನಲ್ಲಿ ಕಾರಣವನ್ನು ಹೇಳುವಾಗ ಈ ವಿನ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ: ಮೊದಲು ಪರಿಣಾಮ ಸರಳ ಭೂತದಲ್ಲಿ, ಆಮೇಲೆ ಅದರ ಹಿಂದಿನ ಕಾರಣ ‘ಹ್ಯಾಡ್’ ಜೊತೆಗೆ.

ಕಾದಂಬರಿಗಳಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪಾತ್ರವೊಂದು ತನ್ನ ಬಾಲ್ಯವನ್ನು ನೆನೆಯತೊಡಗಿದಾಗ ಲೇಖಕರು ಮೊದಲ ಒಂದೆರಡು ವಾಕ್ಯಗಳಲ್ಲಿ ‘ಹ್ಯಾಡ್’ ಬಳಸಿ ಓದುಗರನ್ನು ಹಿಂದಿನ ಕಾಲಕ್ಕೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿಗೆ ತಲುಪಿದ ಮೇಲೆ ಮೆಲ್ಲನೆ ಸರಳ ಭೂತಕ್ಕೆ ಇಳಿಯುತ್ತಾರೆ. ಪುಟವಿಡೀ ‘ಹ್ಯಾಡ್, ಹ್ಯಾಡ್’ ಎಂದು ಹೊಡೆಯುತ್ತಿದ್ದರೆ ಇಂಗ್ಲಿಷ್ ಓದುಗರಿಗೆ ಕಿರಿಕಿರಿಯಾಗುತ್ತದೆ. ಹೊಸಿಲು ದಾಟುವಾಗ ತಲೆ ಬಗ್ಗಿಸುತ್ತೇವೆ, ಒಳಗೆ ಹೋದ ಮೇಲೂ ಬಗ್ಗಿಕೊಂಡೇ ಓಡಾಡುವುದಿಲ್ಲವಷ್ಟೆ. ಕನ್ನಡಕ್ಕೆ ತರುವಾಗ ನಾನು ಆ ಮೊದಲ ‘ಹ್ಯಾಡ್’ಗೆ ‘ಹೋಗಿದ್ದಳು, ಕೇಳಿದ್ದಳು’ ಎಂದು ಬರೆದು, ನಂತರ ‘ಹೋದಳು, ಕೇಳಿದಳು’ ಎಂದು ಬದಲಿಸುತ್ತೇನೆ. ಕನ್ನಡದ ಕಿವಿಗೂ ಅದು ಹಿತವಾಗಿಯೇ ಇದೆ.

ಪ್ರತಿಕ್ರಿಯೆ – ಹಾಸನದ ಓದುಗ

ಇಬ್ಬರ ಮಾತುಗಳನ್ನೂ ಗೌರವಿಸುತ್ತಲೇ ಒಂದು ಆಕ್ಷೇಪವನ್ನು ಮುಂದಿಡಲು ಬಯಸುತ್ತೇನೆ. ಭಾರತದಲ್ಲಿ ಇಂಗ್ಲಿಷ್ ಬಳಸುವವರು ಕೋಟಿಗಟ್ಟಲೆ ಇದ್ದಾರೆ. ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಎಂದರೆ ಚೆನ್ನೈಯಲ್ಲೂ ದೆಹಲಿಯಲ್ಲೂ ಯಾರಿಗೂ ಗೊಂದಲವಾಗುವುದಿಲ್ಲ. ಹಿಂದಿಯವರ ‘ಮೈಂ ಕಲ್ ಗಯಾ ಥಾ’ ಕೂಡ ಇದೇ ಅಚ್ಚಿನಲ್ಲಿದೆ, ಆದ್ದರಿಂದ ಅವರ ಬಾಯಲ್ಲೂ ಇದೇ ಇಂಗ್ಲಿಷ್ ಕೇಳಿಸುತ್ತದೆ. ಇಷ್ಟು ಜನ ಇಷ್ಟು ಸಹಜವಾಗಿ ಬಳಸುವ ರೂಪವನ್ನು ತಪ್ಪು ಎನ್ನುವ ಬದಲು ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವೆಂದು ಏಕೆ ಒಪ್ಪಿಕೊಳ್ಳಬಾರದು? ಅಮೆರಿಕದವರು ‘ಐ ಆಲ್ರೆಡಿ ಏಟ್’ ಎಂದಾಗ, ‘ಐ ಹ್ಯಾವ್ ಆಲ್ರೆಡಿ ಈಟನ್’ ಎನ್ನುವ ಬ್ರಿಟನ್ನಿನವರು ಅದನ್ನು ಅಮೆರಿಕದ ಬಳಕೆಯೆಂದು ಒಪ್ಪುತ್ತಾರಲ್ಲವೇ?

ಉತ್ತರ – ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಹಾಸನದವರ ಆಕ್ಷೇಪಕ್ಕೆ ಗಟ್ಟಿಯಾದ ನೆಲೆಯಿದೆ. ಈ ಬಳಕೆಯನ್ನು ಭಾರತೀಯ ಇಂಗ್ಲಿಷಿನ ಲಕ್ಷಣವೆಂದೇ ವಿದ್ವಾಂಸರು ದಾಖಲಿಸಿದ್ದಾರೆ, ಅದನ್ನು ಅಜ್ಞಾನವೆಂದು ಕರೆಯುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಅಮೆರಿಕದ ‘ಐ ಆಲ್ರೆಡಿ ಏಟ್’ ಕೇಳಿದ ಬ್ರಿಟನ್ನಿನವರು ಅದನ್ನು ಬೇರೆ ಅರ್ಥದಲ್ಲಿ ತಿಳಿಯುವುದಿಲ್ಲ. ನಮ್ಮ ‘ಹ್ಯಾಡ್ ಸೆಂಟ್’ ಕೇಳಿದವರು ಬೇರೆ ಅರ್ಥ ತಿಳಿದದ್ದು ಈ ಚರ್ಚೆಯ ಮೊದಲ ಪತ್ರದಲ್ಲೇ ಇದೆ. ಹಾಗಾಗಿ ನಮ್ಮೊಳಗಿನ ಮಾತುಕತೆಗೆ ಅದು ನಡೆದೀತು, ಹೊರಗಿನವರಿಗೆ ಬರೆಯುವ ಪತ್ರಕ್ಕೆ ನಡೆಯದು ಎಂಬುದು ನನ್ನ ಅಭಿಪ್ರಾಯ.

ಮೇಡಂ ಅವರು ಹೇಳಿದ ಎರಡನೆಯ ಹೊತ್ತಿನ ವಿಚಾರವನ್ನು ತತ್ತ್ವಶಾಸ್ತ್ರಜ್ಞ ಹಾನ್ಸ್ ರೈಖೆನ್‌ಬಾಖ್ 1947ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥವೊಂದರಲ್ಲಿ ಅಚ್ಚುಕಟ್ಟಾಗಿ ರೂಪಿಸಿದ್ದರು. ಕ್ರಿಯಾಪದದ ಕಾಲವನ್ನು ವಿವರಿಸಲು ಅವರು ಮೂರು ಬಿಂದುಗಳನ್ನು ಇಟ್ಟುಕೊಂಡರು: ಮಾತನಾಡುತ್ತಿರುವ ಹೊತ್ತು, ಘಟನೆ ನಡೆದ ಹೊತ್ತು ಮತ್ತು ನಾವು ಎಲ್ಲಿ ನಿಂತು ಆ ಘಟನೆಯನ್ನು ನೋಡುತ್ತಿದ್ದೇವೋ ಆ ಹೊತ್ತು. ‘ವೆಂಟ್’ ಎಂಬಲ್ಲಿ ನೋಡುವ ಹೊತ್ತೂ ಘಟನೆಯ ಹೊತ್ತೂ ಒಂದೇ, ಎರಡೂ ಹಿಂದೆ. ‘ಹ್ಯಾವ್ ಗಾನ್’ ಎಂಬಲ್ಲಿ ಘಟನೆ ಹಿಂದಿನದು, ನೋಡುವ ಹೊತ್ತು ಈಗಿನದು. ‘ಹ್ಯಾಡ್ ಗಾನ್’ ಎಂಬಲ್ಲಿ ಮೂರು ಬಿಂದುಗಳೂ ಬೇರೆ ಬೇರೆ: ಎಲ್ಲಕ್ಕಿಂತ ಹಿಂದೆ ಘಟನೆ, ಅದರ ಈಚೆ ನೋಡುವ ಹೊತ್ತು, ಅದಕ್ಕೂ ಈಚೆ ಮಾತಿನ ಹೊತ್ತು. ನಡುವಿನ ಬಿಂದು ಎಲ್ಲಿದೆಯೆಂದು ಮಾತಿನ ಸಂದರ್ಭದಿಂದ ತಿಳಿಯದೇ ಹೋದರೆ ಕೇಳುವವರು ಅದನ್ನು ಹುಡುಕತೊಡಗುತ್ತಾರೆ.

ಪಕ್ಕದ ಒಂದು ಮಾತು. ನಮ್ಮ ‘ಹೋಗಿದ್ದೆ’ ಎಂಬುದು ‘ಹೋಗಿ’ ಎಂಬ ಕೃದಂತಾವ್ಯಯಕ್ಕೆ ‘ಇದ್ದೆ’ ಸೇರಿ ಆದದ್ದು. ಅಂದರೆ ಇಲ್ಲಿ ‘ಇರು’ ಧಾತು ಸಹಾಯಕವಾಗಿದೆ, ಇಂಗ್ಲಿಷಿನಲ್ಲಿ ‘ಹೊಂದಿರು’ ಎಂಬರ್ಥದ ‘ಹ್ಯಾವ್’ ಸಹಾಯಕವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಹೋಗು, ಬಾ, ಏಳು ಮುಂತಾದ ಕ್ರಿಯೆಗಳಿಗೆ ನಮ್ಮಂತೆಯೇ ‘ಇರು’ ಧಾತುವನ್ನೇ ಬಳಸುತ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಕ್ರಿಸ್ತನ ಪುನರುತ್ಥಾನವನ್ನು ಹೇಳುವಾಗ ‘ಹೀ ಇಸ್ ರಿಸನ್’ ಎಂದಿದೆಯೇ ಹೊರತು ‘ಹೀ ಹ್ಯಾಸ್ ರಿಸನ್’ ಎಂದಿಲ್ಲ. ‘ಎದ್ದಿದ್ದಾನೆ’ ಎಂಬ ನಮ್ಮ ರೂಪದ ಪಕ್ಕದಲ್ಲಿ ಅದನ್ನಿಟ್ಟು ನೋಡಿದಾಗ ನನಗೆ ಬಹಳ ಹೊತ್ತು ಪುಸ್ತಕ ಮುಚ್ಚಲು ಮನಸ್ಸಾಗಿರಲಿಲ್ಲ.

ಸ್ವತಃ ಪರೀಕ್ಷಿಸಿ ನೋಡುವ ಆಸಕ್ತಿ ಇರುವವರಿಗೆ ಎರಡು ದೊಡ್ಡ ಪಠ್ಯಸಂಗ್ರಹಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ, ಅದರ ಹತ್ತನೆಯ ಒಂದು ಭಾಗ ಆಡುಮಾತು. ಅಮೆರಿಕದ ಬಳಕೆಗೆ ಮಾರ್ಕ್ ಡೇವಿಸ್ ಅವರು ಸಿದ್ಧಪಡಿಸಿದ, 100 ಕೋಟಿಗೂ ಹೆಚ್ಚು ಪದಗಳ ಸಂಗ್ರಹವಿದೆ. ‘ಹ್ಯಾಡ್ ಗಾನ್’ ಎಂದು ಹುಡುಕಿ, ಬಂದ ವಾಕ್ಯಗಳಲ್ಲಿ ಇಪ್ಪತ್ತನ್ನು ನಿಧಾನವಾಗಿ ಓದಿ, ಪ್ರತಿಯೊಂದರಲ್ಲೂ ಆ ನಡುವಿನ ಬಿಂದು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಪ್ರಯತ್ನಿಸಿ. ಈ ರೂಪ ಮಾತುಕತೆಗಿಂತ ಕಥೆ ಕಾದಂಬರಿಗಳಲ್ಲೇ ಹೆಚ್ಚು ಎಂಬುದೂ ಆಗ ಕಾಣುತ್ತದೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಷ್ಟು ಅಕ್ಕರೆಯಿಂದ ವಿವರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಅವರ ಉತ್ತರ ಓದಿದ ಮೇಲೆ ನಾನು ಕಳೆದ ತಿಂಗಳು ಕಳುಹಿಸಿದ ಇಮೇಲ್‌ಗಳನ್ನೆಲ್ಲ ತೆರೆದು ನೋಡಿದೆ. ‘ಹ್ಯಾಡ್’ ಇದ್ದ ಹದಿನಾಲ್ಕು ವಾಕ್ಯಗಳಲ್ಲಿ ಹನ್ನೊಂದರಲ್ಲಿ ಅದು ಬೇಡವಾಗಿತ್ತು. ಎರಡು ಸಂದೇಹಗಳು ಉಳಿದಿವೆ. ಮೊದಲನೆಯದು, ಮೀಟಿಂಗಿಗೆ ಬಾರದವರನ್ನು ‘ಎಲ್ಲಿಗೆ ಹೋಗಿದ್ದಿರಿ?’ ಎಂದು ಕೇಳುವಾಗ ನಾನು ‘ವೇರ್ ಹ್ಯಾಡ್ ಯೂ ಗಾನ್?’ ಎನ್ನುತ್ತಿದ್ದೆ, ಅದಕ್ಕೆ ಏನು ಹೇಳಬೇಕು? ಎರಡನೆಯದು, ಕರೆಗಳಲ್ಲಿ ಅವರು ಮಾತನಾಡುವಾಗ ಈ ‘ಹ್ಯಾಡ್’ ನನ್ನ ಕಿವಿಗೆ ಬೀಳುವುದೇ ಇಲ್ಲ. ಅವರು ಅದನ್ನು ಬಳಸುವುದೇ ಇಲ್ಲವೋ, ನನಗೆ ಕೇಳಿಸುತ್ತಿಲ್ಲವೋ?

ಉತ್ತರ – ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಶಿಕ್ಷಕಿ

ಹದಿನಾಲ್ಕರಲ್ಲಿ ಹನ್ನೊಂದನ್ನು ನೀವೇ ಹುಡುಕಿದ್ದೀರಿ ಎಂದರೆ ವಿಷಯ ನಿಮಗೆ ದಕ್ಕಿದೆ.

ನಿಮ್ಮ ಕಿವಿಯ ಸಂದೇಹವನ್ನು ಮೊದಲು ನೋಡೋಣ. ಅವರು ಬಳಸುತ್ತಾರೆ, ಆದರೆ ಆಡುಮಾತಿನಲ್ಲಿ ‘ಐ ಹ್ಯಾಡ್’ ಎಂಬುದು ‘ಐಡ್’, ‘ದೇ ಹ್ಯಾಡ್’ ಎಂಬುದು ‘ದೇಡ್’ ಎಂದು ಕುಗ್ಗಿ, ಮುಂದಿನ ಪದದ ಮೊದಲ ಅಕ್ಷರಕ್ಕೆ ಅಂಟಿಕೊಂಡುಬಿಡುತ್ತದೆ. ‘ಐಡ್ ಟೋಲ್ಡ್ ಹಿಮ್’ ಎಂಬಲ್ಲಿ ಡಕಾರದ ಬೆನ್ನಿಗೆ ಟಕಾರ ಬಂದು ‘ಹ್ಯಾಡ್’ ಇದ್ದ ಗುರುತೇ ಉಳಿಯುವುದಿಲ್ಲ. ಸಾಲದ್ದಕ್ಕೆ ‘ಐ ವುಡ್’ ಕೂಡ ‘ಐಡ್’ ಎಂದೇ ಕುಗ್ಗುತ್ತದೆ. ಯಾವುದೆಂದು ತಿಳಿಯಲು ಮುಂದಿನ ಕ್ರಿಯಾಪದವನ್ನು ಗಮನಿಸಬೇಕು. ‘ಐಡ್ ಗೋ’ ಎಂದರೆ ‘ವುಡ್’, ‘ಐಡ್ ಗಾನ್’ ಎಂದರೆ ‘ಹ್ಯಾಡ್’. ನಾವು ಮಾತ್ರ ಪ್ರತಿ ‘ಹ್ಯಾಡ್’ ಅನ್ನೂ ತುಂಬು ಧ್ವನಿಯಲ್ಲಿ ಒತ್ತಿ ಹೇಳುವುದರಿಂದ, ಬೇಡದ ಕಡೆ ಬಂದ ಅದು ಅವರ ಕಿವಿಗೆ ಇನ್ನಷ್ಟು ಎದ್ದು ಕೇಳಿಸುತ್ತದೆ.

‘ಎಲ್ಲಿಗೆ ಹೋಗಿದ್ದಿರಿ?’ ಎಂಬುದಕ್ಕೆ, ಎದುರಿಗಿರುವವರು ಈಗಷ್ಟೇ ಬಂದು ನಿಂತಿದ್ದರೆ ‘ವೇರ್ ಹ್ಯಾವ್ ಯೂ ಬೀನ್?’ ಎನ್ನುತ್ತಾರೆ. ನಿನ್ನೆಯ ಮೀಟಿಂಗಿನ ವಿಷಯವಾದರೆ ‘ವೇರ್ ವರ್ ಯೂ ಯೆಸ್ಟರ್‌ಡೇ?’ ಸಾಕು. ಇಲ್ಲಿ ‘ಗಾನ್’ ಮತ್ತು ‘ಬೀನ್’ ಎಂಬ ಎರಡು ಪದಗಳ ನಡುವಿನ ವ್ಯತ್ಯಾಸ ನಮಗೆ ಬಹಳ ಉಪಯೋಗದ್ದು. ‘ಹೀ ಹ್ಯಾಸ್ ಗಾನ್ ಟು ಮೈಸೂರು’ ಎಂದರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ‘ಹೀ ಹ್ಯಾಸ್ ಬೀನ್ ಟು ಮೈಸೂರು’ ಎಂದರೆ ಹೋಗಿ ಬಂದಿದ್ದಾನೆ, ಊರು ಅವನಿಗೆ ಗೊತ್ತು. ನಾವು ‘ಹೋಗಿದ್ದೆ’ ಎಂಬುದರಲ್ಲಿ ಅಡಗಿಸುವ ‘ಬಂದದ್ದಾಯಿತು’ ಎಂಬ ಅರ್ಥವನ್ನು ಇಂಗ್ಲಿಷಿನವರು ಈ ‘ಬೀನ್’ ಎಂಬ ಪದದಲ್ಲಿ ಇಡುತ್ತಾರೆ. ಚಿಕ್ಕಂದಿನಲ್ಲಿ ಹಂಪಿ ನೋಡಿದ್ದೆ ಎನ್ನಲು ‘ಐ ಸಾ ಹಂಪಿ ವೆನ್ ಐ ವಾಸ್ ಅ ಚೈಲ್ಡ್’. ಯಾವಾಗ ಎಂದು ಹೇಳದೆ ಹಂಪಿ ನೋಡಿದ್ದೇನೆ ಎನ್ನಲು ‘ಐ ಹ್ಯಾವ್ ಬೀನ್ ಟು ಹಂಪಿ’.

‘ಹ್ಯಾಡ್ ಯುವರ್ ಲಂಚ್?’ ಎಂದು ಕೇಳುವುದನ್ನೂ ಈಗ ಅನುಮಾನದಿಂದ ನೋಡಬೇಡಿ. ಅದು ‘ಹ್ಯಾವ್ ಯೂ ಹ್ಯಾಡ್ ಯುವರ್ ಲಂಚ್?’ ಎಂಬುದರ ಮೊದಲೆರಡು ಪದಗಳು ಬಿದ್ದು ಉಳಿದ ರೂಪ, ಬ್ರಿಟನ್ನಿನವರೂ ಹಾಗೆ ಕೇಳುತ್ತಾರೆ. ಅಲ್ಲಿನ ‘ಹ್ಯಾಡ್’ ಊಟ ಮಾಡು ಎಂಬರ್ಥದ ಮುಖ್ಯ ಕ್ರಿಯೆ, ನಾವು ಚರ್ಚಿಸುತ್ತಿರುವ ಸಹಾಯಕವಲ್ಲ. ‘ಐ ಹ್ಯಾಡ್ ಹೋಪ್ಡ್ ಟು ಕಮ್’ ಎಂಬುದನ್ನು ಮಾತ್ರ ನೋಡಿ ಬಳಸಿ: ಬರಬೇಕೆಂದಿದ್ದೆ, ಆದರೆ ಆಗಲಿಲ್ಲ ಎಂಬ ಅರ್ಥ ಅದರೊಳಗೇ ಇದೆ. ನಿಮ್ಮ ಫೈಲಿನ ವಾಕ್ಯದಲ್ಲಿ ಲಂಡನ್ನಿನವರಿಗೆ ‘ಆದರೆ’ ಕೇಳಿಸಿದ್ದಕ್ಕೆ ಇಂಥ ಬಳಕೆಯೂ ಒಂದು ಕಾರಣವಿರಬಹುದು.

ಪ್ರಶ್ನೆ ಕೇಳಿದವರು

ತುಂಬ ಧನ್ಯವಾದಗಳು, ಮೇಡಂ. ‘ಮೊದಲೇ ಹೇಳಿದ್ದೆನಲ್ಲ’ ಎಂದು ನೆನಪಿಸಬೇಕಾದಾಗಲೂ ‘ಐ ಹ್ಯಾಡ್ ಟೋಲ್ಡ್ ಯೂ’ ಬೇಡವೇ?

ಉತ್ತರ – ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಶಿಕ್ಷಕಿ

ಬೇಡ. ಸಲುಗೆಯಿದ್ದವರಿಗೆ ‘ಐ ಟೋಲ್ಡ್ ಯೂ, ಡಿಡ್ನ್ಟ್ ಐ?’ ಎನ್ನಿ, ಆ ಕೊನೆಯ ಎರಡು ಪದಗಳು ನಮ್ಮ ‘ಅಲ್ಲವೇ’ಯ ಕೆಲಸ ಮಾಡುತ್ತವೆ. ಆಫೀಸಿನ ಪತ್ರಕ್ಕೆ ‘ಆಸ್ ಐ ಮೆನ್ಷನ್ಡ್ ಆನ್ ಟ್ಯೂಸ್‌ಡೇ’ ಎಂಬುದು ಮೃದುವಾಗಿರುತ್ತದೆ. ಅವರು ಗುರುವಾರ ಕೇಳುವ ಹೊತ್ತಿಗೆ ಫೈಲು ಆಗಲೇ ಹೋಗಿತ್ತು ಎಂಬುದನ್ನೇ ಹೇಳಬೇಕಿದ್ದರೆ, ‘ವೆನ್ ಯೂ ರೋಟ್ ಟು ಮಿ ಆನ್ ಥರ್ಸ್‌ಡೇ, ಐ ಹ್ಯಾಡ್ ಆಲ್ರೆಡಿ ಸೆಂಟ್ ದ ಫೈಲ್’ ಎಂದು ಧೈರ್ಯವಾಗಿ ಬರೆಯಿರಿ. ಅಲ್ಲಿ ಆ ‘ಹ್ಯಾಡ್’ ಇರಲೇಬೇಕು.